ತಿಂಗಳಿಗೊಂದು ಗಂಟೆಯ ತಾತ

ಆ ಮುದುಕ ಮುದುಕಿಯ ಸುದ್ದಿ ಬೀಗದಮ್ಮನ ಕಿವಿಗೆ ಮೊದಲು ಬಿದ್ದದ್ದು ನಗುವಿನ ಜೊತೆಗೆ. ಮಧ್ಯಾಹ್ನದ ಊಟದ ಹೊತ್ತು. ಮೇಲಿನ ಕೋರ್ಟು ಹಾಲಿನ ಗುಮಾಸ್ತ ಬುತ್ತಿ ಡಬ್ಬಿ ತೊಳೆಯಲು ಹಿಂದಿನ ನಲ್ಲಿಗೆ ಬಂದವನು ಒಬ್ಬನೇ ನಗುತ್ತಿದ್ದ.

"ಏನಪ್ಪಾ, ಸಂಬಳ ಜಾಸ್ತಿ ಆಯ್ತಾ?" ಎಂದಳು ಬೀಗದಮ್ಮ.

"ಹಾಗೇನಾದ್ರೂ ಆದ್ರೆ ನಗಲ್ಲ ಬೀಗದಮ್ಮ, ಮೂರ್ಛೆ ಹೋಗ್ತೀನಿ. ಇವತ್ತು ಕಟಕಟೆಗೆ ಒಬ್ಬ ಕಟಿಂಗ್ ಅಂಗಡಿ ತಾತ ಬಂದಿದ್ದ. ಏನು ಕೆಲಸ ಮಾಡ್ತೀರಿ ಅಂತ ಜಡ್ಜಮ್ಮ ಕೇಳಿದ್ರು. 'ತಮ್ಮ ಕೆಲಸಕ್ಕೆ ಹತ್ತಿರದ್ದೇ ತಾಯಿ. ಎಂಥ ದೊಡ್ಡ ಮನುಷ್ಯ ಆದ್ರೂ ನನ್ನೆದುರು ಕೂತ್ರೆ ತಲೆ ಬಗ್ಗಿಸ್ಲೇಬೇಕು' ಅಂದ. ಜಡ್ಜಮ್ಮನೇ ನಕ್ಕುಬಿಟ್ರು. ಅವನ ಹೆಂಡತಿ ಹಿಂದಿನ ಬೆಂಚಿಂದ, 'ಬಾಯಿ ಮುಚ್ರೀ, ಇದೇನು ಅಂಗಡಿನಾ' ಅಂತ ಬೈದ್ಲು. ಅದಕ್ಕೂ ನಗು."

"ಅಂಥ ತಾತನಿಗೆ ಕೋರ್ಟಲ್ಲೇನು ಕೆಲಸ?"

"ಮೊಮ್ಮಗಳು ಬೇಕಂತೆ. ಮಗಳು ತೀರ್ಕೊಂಡಿದಾಳೆ. ಅಳಿಯ ಮಗೂನ ಕರ್ಕೊಂಡು ಹೋದೋನು ಮುಖ ತೋರಿಸ್ತಿಲ್ಲ. ನಿಮ್ಮ ರೂಮಿಗೇ ಬರ್ತಾರೆ ಬಿಡಿ. ತಿಂಗಳ ಮೊದಲ್ನೇ ಶನಿವಾರ, ಹನ್ನೊಂದರಿಂದ ಹನ್ನೆರಡು. ಒಂದೇ ಗಂಟೆ."

ಇಷ್ಟು ಹೇಳುವಷ್ಟರಲ್ಲಿ ಅವನ ನಗು ತಾನಾಗಿ ಇಳಿದಿತ್ತು. ಡಬ್ಬಿ ಕೊಡವಿಕೊಂಡು ಮೆಟ್ಟಿಲು ಹತ್ತಿದ.

ಬೀಗದಮ್ಮ ಎಂಬುದು ಅವಳ ಹೆಸರಲ್ಲ. ಅವಳ ಗಂಡ ಇದೇ ಕೋರ್ಟಿನಲ್ಲಿ ಸಮನ್ಸು ಹಂಚುವ ಜವಾನನಾಗಿದ್ದ. ಅವನು ತೀರಿಹೋದ ಮೇಲೆ, ನಾಲ್ಕನೇ ಕ್ಲಾಸು ಓದಿದ ಹೆಂಡತಿಗೆ ಒಂದು ಕಸಬರಿಗೆಯನ್ನೂ ಒಂದು ಬೀಗದ ಕೈ ಗೊಂಚಲನ್ನೂ ಕೊಟ್ಟರು. ನಿವೃತ್ತಿಯ ವಯಸ್ಸು ದಾಟಿದ ಮೇಲೂ ದಿನಗೂಲಿಯ ಮೇಲೆ ಉಳಿಸಿಕೊಂಡಿದ್ದರು. ಯಾವ ಕೈ ಯಾವ ಬಾಗಿಲಿನದು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು, ಅದಕ್ಕೆ. ನೆಲಮಾಳಿಗೆಯ ಕೊನೆಯ ಕೋಣೆಯೂ ಅವಳ ಸುಪರ್ದಿಯಲ್ಲಿತ್ತು. ಮೊದಲು ಹಳೆಯ ಕಡತಗಳು ಗೆದ್ದಲು ಹಿಡಿಯುತ್ತಿದ್ದ ಕೋಣೆ ಅದು. ಈಗ ಗೋಡೆಗೆ ಹಳದಿ ಬಾತುಕೋಳಿಗಳನ್ನು ಬಿಡಿಸಿ, ಒಂದು ಚಾಪೆ, ಆರು ಪ್ಲಾಸ್ಟಿಕ್ ಕುರ್ಚಿ, ಕಿವಿ ಮುರಿದ ಕುದುರೆ, ಬಣ್ಣದ ಕಾಗದ ತುಂಬಿದ ಬೀರು ಇಟ್ಟು 'ಭೇಟಿಯ ಕೋಣೆ' ಎಂದು ಬೋರ್ಡು ಹಾಕಿದ್ದರು. ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವನ್ನು ನೋಡುವ ಹಕ್ಕು ಯಾರಿಗೆ ಗಡಿಯಾರದ ಮೇಲೆ ಸಿಕ್ಕಿದೆಯೋ ಅವರು ಅಲ್ಲಿ ಕೂತು ನೋಡಬೇಕು. ಬೀಗದಮ್ಮ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿರಬೇಕು. ಆಮೇಲೆ ರಿಜಿಸ್ಟರಿನಲ್ಲಿ ಬಂದ ಸಮಯ, ಹೋದ ಸಮಯ, ನಡೆದದ್ದು, ಇಷ್ಟನ್ನು ಬರೆಯಬೇಕು.

"ಕಂಡದ್ದು ಬರಿ, ಅಂದುಕೊಂಡದ್ದು ಬರೀಬೇಡ," ಎಂದು ಆ ಕೆಲಸ ಒಪ್ಪಿಸಿದ ದಿನ ಆಫೀಸರು ಹೇಳಿದ್ದರು. ಬೀಗದಮ್ಮ ಆ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡಿದ್ದಳು. ಅಕ್ಷರ ಒಂದೊಂದೂ ಇರುವೆ ನಡೆದ ಹಾಗೆ ನಿಧಾನವಾಗಿ ಬರುತ್ತಿದ್ದರೂ ಸುಳ್ಳೊಂದು ಅವಳ ಪೆನ್ನಿನಿಂದ ಇಳಿದದ್ದಿಲ್ಲ.

ಮೊದಲ ಶನಿವಾರ ಅವರು ಒಂಬತ್ತೂವರೆಗೇ ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ತಾತ ಇಸ್ತ್ರಿಯ ಬಿಳಿ ಅಂಗಿ ಹಾಕಿ, ಇದ್ದ ನಾಲ್ಕು ಕೂದಲನ್ನು ನಾಲ್ಕು ದಿಕ್ಕಿಗೂ ನ್ಯಾಯವಾಗಿ ಹಂಚಿ ಬಾಚಿದ್ದ. ಅಜ್ಜಿಯ ಎರಡೂ ಮಂಡಿ ಊದಿದ್ದವು. ಮಡಿಲಲ್ಲಿ ಬಿಸ್ಕತ್ತು, ಬಣ್ಣದ ಪೆನ್ಸಿಲು ಇದ್ದ ಚೀಲ.

"ಇಷ್ಟು ಬೇಗ ಯಾಕೆ ಬಂದ್ರಿ ಯಜಮಾನ್ರೇ? ಹನ್ನೊಂದಕ್ಕಲ್ವಾ?"

"ಗೇಟಲ್ಲಿ ತಡ ಆಗತ್ತೆ ಅಂತ ತಾಯಿ. ಪೊಲೀಸು ನನ್ನ ಕತ್ತರಿ ಇಸ್ಕೊಂಡ. ನಲವತ್ತೈದು ವರ್ಷದಿಂದ ಈ ಜೇಬಲ್ಲೇ ಇದೆ ಅದು. ಇಲ್ದೇ ಇದ್ರೆ ನಡೀವಾಗ ಒಂದು ಕಡೆ ವಾಲ್ತೀನಿ."

"ಕತ್ತರಿ ಇದ್ದಾಗ್ಲೂ ನೆಟ್ಟಗೇನು ನಡೀತಿರ್ಲಿಲ್ಲ," ಎಂದಳು ಅಜ್ಜಿ. "ಅಕ್ಕಾ, ಮಗು ಬರತ್ತಲ್ವಾ? ಅವನು ಕರ್ಕೊಂಡು ಬಂದೇ ಬರ್ತಾನಲ್ವಾ?"

ಬಂದಿತು. ಐದೂವರೆ ವರ್ಷದ ಹೆಣ್ಣುಮಗು. ಅಪ್ಪ ಬಾಗಿಲಿನ ತನಕ ಬಂದು, ಒಳಗೆ ಕಣ್ಣೆತ್ತಿಯೂ ನೋಡದೆ, "ಹನ್ನೆರಡಕ್ಕೆ ಸರಿಯಾಗಿ ಬರ್ತೀನಿ" ಎಂದು ಗೋಡೆಗೆ ಹೇಳುವವನ ಹಾಗೆ ಹೇಳಿ ಹೋದ. ಹತ್ತು ತಿಂಗಳು ನೋಡದಿದ್ದ ಮಗು ಅಜ್ಜಿಯ ಅಳು ಕಂಡು ಹೆದರಿ ಕುದುರೆಯ ಹಿಂದೆ ಸೇರಿಕೊಂಡಿತು. ಅಜ್ಜಿ ಕೈ ಚಾಚಿದಷ್ಟೂ ಅದು ಕುಗ್ಗಿತು. ತಾತ ಮಾತ್ರ ಕರೆಯಲಿಲ್ಲ. ಮಗುವಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತ, ಕಾಗದದ ಮೇಲೆ ಏನನ್ನೋ ಗೀಚುತ್ತ ತನ್ನಷ್ಟಕ್ಕೆ ಗುನುಗಿದ. ಅರ್ಧ ಗಂಟೆ ಹಾಗೇ ಕಳೆಯಿತು. ಅರವತ್ತು ನಿಮಿಷದಲ್ಲಿ ಮೂವತ್ತು! ಬೀಗದಮ್ಮನಿಗೇ ಎದ್ದು ಮಗುವನ್ನು ಎತ್ತಿ ಅವನ ಮಡಿಲಿಗೆ ಹಾಕಬೇಕೆನ್ನಿಸಿತು. ಅಷ್ಟರಲ್ಲಿ ಮಗು ಮೆಲ್ಲಗೆ ಹಿಂದಿನಿಂದ ಬಂದು ತಾತನ ಬಲಗಿವಿಯನ್ನು ಹಿಡಿದುಕೊಂಡಿತು. ಹೆಗಲ ಮೇಲೆ ಕೂತು ಬೀದಿ ಸುತ್ತುತ್ತಿದ್ದ ಕಾಲದಲ್ಲಿ ಅದರ ಹಿಡಿ ಅದೇ ಆಗಿತ್ತಂತೆ. ತಾತ ಅಲುಗಾಡದೆ ಕೂತ. ಆದರೆ ಅವನ ಕೈಯಲ್ಲಿದ್ದ ಪೆನ್ಸಿಲು ಕಾಗದ ಹರಿದುಕೊಂಡು ಕೆಳಗಿನ ಚಾಪೆಗೆ ನಾಟಿತ್ತು.

'ಮಗು ತಾತನ ಕಿವಿ ಹಿಡಿಯಿತು' ಎಂದು ಬೀಗದಮ್ಮ ರಿಜಿಸ್ಟರಿನಲ್ಲಿ ಬರೆದಳು. ಕಂಡದ್ದು ಅಷ್ಟೇ.

ಮುಂದಿನ ತಿಂಗಳುಗಳಲ್ಲಿ, ಒಂಬತ್ತೂವರೆಯಿಂದ ಹನ್ನೊಂದರ ತನಕದ ಆ ಬೆಂಚಿನ ಮೇಲೆ, ತಾತನ ಬದುಕು ಬಿಡಿಬಿಡಿಯಾಗಿ ಅವಳಿಗೆ ದಕ್ಕಿತು. ಒಂಬತ್ತನೇ ವಯಸ್ಸಿಗೆ ಮರದ ಪೆಟ್ಟಿಗೆಯ ಮೇಲೆ ನಿಂತು ದೊಡ್ಡವರ ಕೆನ್ನೆಗೆ ಸೋಪಿನ ನೊರೆ ಹಚ್ಚಿದವನು. ಇಪ್ಪತ್ತೆರಡಕ್ಕೆ ಸ್ವಂತ ಅಂಗಡಿ, ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ. ಕೂತವನಿಗೆ ತನ್ನ ತಲೆ ನೂರಾಗಿ ಕಾಣಬೇಕು. "ನೂರು ತಲೆ ಕಂಡವನು ಒಂದು ತಲೆ ಕೂದಲಿಗೆ ಜಗಳ ಆಡಲ್ಲ ತಾಯಿ," ಎನ್ನುತ್ತಿದ್ದ. ಎರಡನೇ ಕುರ್ಚಿಯಲ್ಲಿ ಒಬ್ಬಳೇ ಮಗಳು ಕೂತು ಪಾಠ ಓದುತ್ತಿದ್ದಳು. ಗಿರಾಕಿ ಬಂದರೆ ಎದ್ದು ನಿಲ್ಲುವುದು, ಅವನು ಹೋದರೆ ಮತ್ತೆ ಕೂರುವುದು. ಹಾಗೆ ಎದ್ದೂ ಕೂತೂ ಟೀಚರ್ ಆದಳು.

"ಅಳಿಯನೂ ಆ ಕುರ್ಚಿಗೇ ಬಂದವನು," ಎಂದ ಒಂದು ದಿನ. "ವಾರಕ್ಕೊಂದು ಸಲ ಗಡ್ಡ ತೆಗೆಸ್ಕೊಳ್ಳೋನು ದಿನಾ ಬರೋಕೆ ಶುರು ಮಾಡ್ದ. ತೆಗೆಯೋಕೆ ಕೆನ್ನೇಲಿ ಏನಾದ್ರೂ ಇರ್ಬೇಕಲ್ಲ! ಬರೀ ನೊರೆ ಹಚ್ಚಿ ನೊರೆ ಕೆರೀತಿದ್ದೆ. ಆಮೇಲೆ ಗೊತ್ತಾಯ್ತು, ಕನ್ನಡೀಲಿ ಇವನು ನೋಡ್ತಿದ್ದದ್ದು ತನ್ನ ಮುಖ ಅಲ್ಲ ಅಂತ."

"ಅಷ್ಟು ದಿನ ಆ ಕತ್ತು ನಿಮ್ಮ ಕತ್ತಿ ಕೆಳಗಿತ್ತು," ಎಂದಳು ಅಜ್ಜಿ, ಮಂಡಿ ತಿಕ್ಕಿಕೊಳ್ಳುತ್ತ. "ಒಂದೇ ಒಂದು ಸಲ ಜಾರಿಸಿದ್ದಿದ್ರೆ..."

"ಶ್! ಕೋರ್ಟು ಕಣೇ ಇದು!"

ಬೀಗದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಈ ಮಾತು ನಡೆದದ್ದು ಹೊರಗಿನ ಬೆಂಚಿನ ಮೇಲೆ. ರಿಜಿಸ್ಟರಿಗೆ ಸೇರಿದ್ದು ಬಾಗಿಲೊಳಗಿನದು ಮಾತ್ರ.

ಮಗುವಿಗೆ ವರ್ಷ ತುಂಬುವ ಮೊದಲೇ ಮಗಳು ಮೂರು ದಿನದ ಜ್ವರದಲ್ಲಿ ಹೋದಳು. ಅಳಿಯ ಮಗುವನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದ. ಅವನು ಔಷಧದ ಕಂಪನಿಯ ಪ್ರತಿನಿಧಿ, ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುವವನು, ಬೇರೆ ದಾರಿ ಇರಲಿಲ್ಲ. ಮೂರೂವರೆ ವರ್ಷ ಮಗು ಅಂಗಡಿಯಲ್ಲೇ ಬೆಳೆಯಿತು. ಅದರ ಕೂದಲಿಗೆ ತಾತನ ಕೈ ಬಿಟ್ಟು ಬೇರೆಯವರ ಕೈ ಬಿದ್ದದ್ದಿಲ್ಲ. ಆಮೇಲೆ ಅಳಿಯ ಎರಡನೇ ಮದುವೆಯಾದ. ಅದನ್ನು ತಾತ ತಪ್ಪೆನ್ನಲಿಲ್ಲ. "ವಯಸ್ಸಿನ ಹುಡುಗ, ಒಂಟಿ ಇರು ಅನ್ನೋಕೆ ನಾನ್ಯಾರು?" ಆದರೆ ಒಂದು ಭಾನುವಾರ ಮಗುವನ್ನು ಎರಡು ದಿನಕ್ಕೆಂದು ಕರೆದುಕೊಂಡು ಹೋದವನು ತಿರುಗಿ ಕಳಿಸಲಿಲ್ಲ. ಹೋಗಿ ಬಾಗಿಲು ಬಡಿದರೆ, "ಮಗು ಹೊಸ ಅಮ್ಮಂಗೆ ಹೊಂದ್ಕೋಬೇಕು, ನೀವು ಬಂದು ಹೋದ್ರೆ ಮೂರು ದಿನ ಅಳತ್ತೆ" ಎಂದ. ಅದು ಸುಳ್ಳೂ ಇರಲಿಲ್ಲ. 

ಮಗುವನ್ನೇ ಕೊಡಿಸಿ ಎಂದು ಕೋರ್ಟಿಗೆ ಬಂದರು. ಅವರ ಕಡೆಯ ವಕೀಲಮ್ಮ ಮೊದಲ ದಿನವೇ ಹೇಳಿದ್ದಳಂತೆ: "ಅಪ್ಪ ಬದುಕಿದಾನೆ, ದುಡೀತಾನೆ, ಕುಡಿಯಲ್ಲ, ಹೊಡೆಯಲ್ಲ. ಮಗೂನ ನಿಮಗೆ ಕೊಡಲ್ಲ ತಾತ. ನೋಡೋಕಾದ್ರೂ ಬಿಡಿ ಅಂತ ಕೇಳೋಣ." ಬೆಟ್ಟ ಕೇಳಲು ಹೋದವರು ಅದರ ನೆರಳನ್ನು ಬೇಡಿಕೊಂಡು ಬಂದರು. ಕೇಸು ಮುಗಿಯುವ ತನಕ ತಿಂಗಳಿಗೊಂದು ಗಂಟೆ ಎಂದು ಅಪ್ಪಣೆಯಾಯಿತು. ಆ ಗಂಟೆಗೆ ಕುಂದು ಬಾರದೆ ನಡೆದರೆ ಮುಂದೆ ವಾರಕ್ಕೊಂದು ದಿನ ಮನೆಗೇ ಕಳಿಸುವ ಆಸೆ ಇದೆ ಎಂದು ವಕೀಲಮ್ಮ ಹೇಳಿದ್ದಳು. "ರಿಜಿಸ್ಟರು ಚೆನ್ನಾಗಿರ್ಬೇಕು ಅಷ್ಟೇ," ಎಂದಿದ್ದಳು. ಈ ಮಾತು ಬೀಗದಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಆದದ್ದು ಆಯಿತು.

ಅದು ಆರನೇ ಶನಿವಾರ. ಮಗು ಚಾಪೆಯ ಮೇಲೆ ಬೋರಲು ಮಲಗಿ ಮನೆಯ ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಹಣೆಯ ಕೂದಲು ಬೆಳೆದು ಕಣ್ಣಿನೊಳಗೇ ಬೀಳುತ್ತಿತ್ತು. ನೊಣ ಓಡಿಸುವ ಕರುವಿನ ಹಾಗೆ ಅದು ಗಳಿಗೆಗೊಮ್ಮೆ ತಲೆ ಕೊಡವುತ್ತಿತ್ತು. ಕೊಡವಿದಾಗಲೆಲ್ಲ ತಾತನ ಬಲಗೈಯ ಹೆಬ್ಬೆರಳೂ ಉಂಗುರದ ಬೆರಳೂ ತಾವಾಗಿ ತೆರೆದು ಮುಚ್ಚುತ್ತಿದ್ದವು. ಬೀಗದಮ್ಮ ಅದನ್ನು ಸ್ಟೂಲಿನಿಂದ ನೋಡುತ್ತಿದ್ದಳು.

ಮಗು ಪೆನ್ಸಿಲು ಬಿಸುಟಿತು. "ತಾತಾ, ಕಣ್ಣಿಗೆ ಬರತ್ತೆ. ಕಟ್ ಮಾಡು."

"ಅಪ್ಪನ್ನ ಕೇಳು ಪುಟ್ಟಿ, ಅಂಗಡಿಗೆ ಕರ್ಕೊಂಡು ಹೋಗ್ತಾರೆ."

"ನೀನೇ ಅಂಗಡಿ ಅಲ್ವಾ?"

ತಾತ ಮಗುವಿನ ಹಣೆಯ ಕೂದಲನ್ನು ಬೆರಳಲ್ಲಿ ಎತ್ತಿ ಹಿಡಿದ. "ಬೇಡ್ರೀ," ಎಂದಳು ಅಜ್ಜಿ ಮೆಲ್ಲಗೆ. "ಸುಮ್ನಿದ್ದುಬಿಡಿ."

"ಒಂದು ಬೆರಳಷ್ಟು ಕಣೇ. ಕಣ್ಣು ನೋಡು, ಕೆಂಪಾಗಿದೆ ಮಗೂಗೆ." ಅವನು ಬೀಗದಮ್ಮನ ಕಡೆ ತಿರುಗಿದ. "ತಾಯಿ, ಆ ಬೀರುವಲ್ಲಿ ಕಾಗದ ಕತ್ತರಿಸೋ ಕತ್ತರಿ ಇದೆ ಅಲ್ವಾ?"

ಇತ್ತು. ತುದಿ ಮೊಂಡಾದ, ಕೆಂಪು ಹಿಡಿಯ, ಮಕ್ಕಳ ಕತ್ತರಿ. ಬೀಗದಮ್ಮ ಒಂದು ಕ್ಷಣ ಯೋಚಿಸಿದಳು. ಯೋಚಿಸಿದ್ದು ಕಾನೂನನ್ನಲ್ಲ, ತನ್ನ ಕೂದಲನ್ನು ಬಾಚಿದವರು ಯಾರಾದರೂ ಇನ್ನೂ ಬದುಕಿದ್ದಾರೆಯೇ ಎಂದು. ಎದ್ದು ಹೋಗಿ ಕತ್ತರಿ ತಂದುಕೊಟ್ಟಳು.

ನಲವತ್ತೈದು ವರ್ಷದ ಕೈ. ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಹಣೆಯ ಮೇಲೆ ಸವರಿದ. ಬಾಚಣಿಗೆ ಇಲ್ಲದ್ದಕ್ಕೆ ಬೆರಳಲ್ಲೇ ಬಾಚಿದ. ಎರಡು ಬೆರಳ ನಡುವೆ ಕೂದಲನ್ನು ಇಸ್ತ್ರಿ ಮಾಡಿದ ಹಾಗೆ ಎಳೆದು ಹಿಡಿದ. ಆ ಮೊಂಡು ಕತ್ತರಿಯಲ್ಲೂ ಕಚಕ್ ಕಚಕ್ ಎಂದು ತಾಳ ಬಂತು. ಮಗು ಕಣ್ಣು ಮುಚ್ಚಿ ಮೂತಿ ಮುಂದೆ ಮಾಡಿ ಕೂತಿತ್ತು, ಅಂಗಡಿಯ ಹಲಗೆಯ ಮೇಲೆ ಕೂರುತ್ತಿದ್ದ ಹಾಗೇ ಇರಬೇಕು. ಮೂಗಿನ ಮೇಲೆ ಬಿದ್ದ ಕೂದಲನ್ನು ತಾತ ಉಫ್ ಎಂದು ಊದಿದಾಗ ಕಿಲಕಿಲ ನಕ್ಕಿತು. ಹಣೆಯ ಮೇಲೆ ಹುಬ್ಬಿಗೆ ಸರಿಯಾಗಿ ಗೆರೆ ಎಳೆದ ಹಾಗೆ ಒಂದು ಸಾಲು. ಅಜ್ಜಿಯೂ ಬೇಡವೆಂದದ್ದನ್ನು ಮರೆತು, "ಎಲ್ಲಿ, ಈ ಕಡೆ ತಿರುಗು, ಅಯ್ಯೋ ಥೇಟ್ ಅವರಮ್ಮ!" ಎಂದಳು. ಎಂದವಳು ಬಾಯಿ ಮುಚ್ಚಿಕೊಂಡಳು.

ಹನ್ನೆರಡಕ್ಕೆ ಮಗು ಹೋಯಿತು. ಬೀಗದಮ್ಮ ಕೂದಲು ಗುಡಿಸಿ ರಿಜಿಸ್ಟರು ತೆರೆದಳು. ಅಜ್ಜಿ ಬಾಗಿಲಲ್ಲಿ ನಿಂತೇ ಇದ್ದಳು.

"ಅಕ್ಕಾ, ಅದನ್ನ ಬರೀಲೇಬೇಕಾ?"

"ಕಂಡದ್ದು ಬರೀಬೇಕು ಅಂತ ಅಪ್ಪಣೆ ಕಣಮ್ಮ. ಹೆದರ್ಕೋಬೇಡಿ, ಒಳ್ಳೇದೇ ಅಲ್ವಾ ಆಗಿದ್ದು? ಮಗೂನೇ ಕೇಳ್ತು ಅಂತ ಬರೀತೀನಿ. ಜಡ್ಜಮ್ಮಂಗೂ ಗೊತ್ತಾಗ್ಲಿ, ಮಗೂಗೆ ತಾತ ಅಂದ್ರೆ ಎಷ್ಟು ಅಂತ."

ಬರೆದಳು. 'ಮಗು ಕೇಳಿತು. ನಾನು ಕತ್ತರಿ ಕೊಟ್ಟೆ. ತಾತ ಹಣೆಯ ಕೂದಲು ಕತ್ತರಿಸಿದರು. ಮಗು ನಕ್ಕಿತು.' ಇಡೀ ರಿಜಿಸ್ಟರಿನಲ್ಲೇ ಅಷ್ಟು ಅಂದವಾಗಿ ಅವಳು ಬರೆದದ್ದು ಅದೊಂದೇ. ಪೆನ್ನು ಮುಚ್ಚುವಾಗ ಏನೋ ಉಪಕಾರ ಮಾಡಿದ ಸಮಾಧಾನ.

ಕಾಲು ಗಂಟೆ ಆಗಿರಲಿಲ್ಲ. ಕಾರಿಡಾರಿನಲ್ಲಿ ಬೂಟಿನ ಸದ್ದು. ಅಳಿಯ ಮಗುವಿನ ಕೈ ಹಿಡಿದು ಎಳೆದುಕೊಂಡು ಬಂದ. ತಾತ ಅಜ್ಜಿ ಇನ್ನೂ ಬೆಂಚಿನ ಹತ್ತಿರವೇ ಇದ್ದರು, ಮಂಡಿ ಮಡಿಸಿದರೆ ಬಿಡಿಸಲು ಹೊತ್ತು ಬೇಕು ಅಜ್ಜಿಗೆ.

"ಯಾರನ್ನ ಕೇಳಿ ಕತ್ತರಿಸಿದ್ರಿ? ಒಂದು ವರ್ಷದಿಂದ ಬೆಳೆಸ್ತಿದಾಳೆ ಅವಳು! ದಿನಾ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, 'ಅಮ್ಮಾ' ಅಂತ ಕರೀಲಿ ಅಂತ ಆ ಕೂದಲು ಹಿಡ್ಕೊಂಡು ಕೂತಿದಾಳೆ! ನಿಮಗೆ ಒಂದು ಗಂಟೆ ಸಿಕ್ಕಿದ್ದಕ್ಕೆ ಅದನ್ನೂ ಕತ್ತರಿಸಿದ್ರಾ?"

"ಕಣ್ಣಿಗೆ ಬೀಳ್ತಿತ್ತಪ್ಪ... ಒಂದು ಬೆರಳು..."

"ನಾನೇ ಕೇಳಿದ್ದು ಅಪ್ಪಾ," ಎಂದಿತು ಮಗು. "ನಾನೇ ಕಟ್ ಮಾಡು ಅಂದಿದ್ದು. ಅಪ್ಪಾ, ನಾನೇ ಕೇಳಿದ್ದು."

"ಯಾಕೆ ಕೇಳಿದೆ? ಯಾಕೆ ಕೇಳಿದೆ ನೀನು?"

ಅವನು ಹೊಡೆಯಲಿಲ್ಲ. ಅಷ್ಟು ಹೇಳಬೇಕು. ಆದರೆ ಆ ಪ್ರಶ್ನೆಯನ್ನು ಮೆಟ್ಟಿಲ ತನಕ ಕೇಳುತ್ತಲೇ ಹೋದ, ಮಗು ಪ್ರತಿ ಸಲವೂ ಅದೇ ಉತ್ತರ ಹೇಳುತ್ತ ಹೋಯಿತು.

ಹದಿನೈದು ದಿನಕ್ಕೆ ಬೀಗದಮ್ಮನಿಗೆ ಮೇಲಿನ ಹಾಲಿಗೆ ಕರೆ ಬಂತು. ಮೂವತ್ತು ವರ್ಷ ಆ ಕಟಕಟೆಯ ಧೂಳು ಒರೆಸಿದವಳು, ಅದರೊಳಗೆ ನಿಂತದ್ದು ಅದೇ ಮೊದಲು. ಅಳಿಯನ ವಕೀಲ ರಿಜಿಸ್ಟರನ್ನು ಎತ್ತಿ ಹಿಡಿದಿದ್ದ.

"ಇದು ನಿಮ್ಮ ಅಕ್ಷರಾನಾ?"

"ಹೌದು ಸಾರ್."

"ಕತ್ತರಿ ಕೊಟ್ಟಿದ್ದು ನೀವೇನಾ?"

"ನಾನೇ ಸಾರ್. ಮೊಂಡು ಕತ್ತರಿ. ಅದರಲ್ಲಿ ಹೂವೂ ಕತ್ತರಿಸೋಕಾಗಲ್ಲ."

"ಕೂದಲು ಕತ್ತರಿಸೋಕಾಯ್ತಲ್ಲ. 'ಮಗು ಕೇಳಿತು' ಅಂತ ಬರೆದಿದೀರಿ. ಆರು ವರ್ಷದ ಮಗು, ಮನೇಲಿ ತಾಯಿ ಬೆಳೆಸ್ತಿರೋ ಕೂದಲನ್ನ ಕತ್ತರಿಸು ಅಂತ ತಾನಾಗೇ ಕೇಳತ್ತಾ? ಹೇಳಿಕೊಟ್ಟವರು ಯಾರು?"

"ಕಣ್ಣಿಗೆ ಬೀಳ್ತಿತ್ತು ಸಾರ್..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಮಗು ಕೇಳ್ತು, ಅಲ್ವಾ?"

"ಕೇಳ್ತು."

ಅಷ್ಟು ಸಾಕಾಯಿತು ಅವನಿಗೆ. ಮಗುವಿನ ಮನಸ್ಸನ್ನು ಮನೆಯ ವಿರುದ್ಧ ತಿರುಗಿಸುತ್ತಿದ್ದಾರೆ, ಅದಕ್ಕೆ ಕೋರ್ಟಿನ ರಿಜಿಸ್ಟರೇ ಸಾಕ್ಷಿ ಎಂದು ವಾದ ಮಾಡಿದ. ಬೀಗದಮ್ಮ ಕಟಕಟೆಯಿಂದ ತಾತನ ಕಡೆ ನೋಡಿದಳು. ಜೋಕು ಹೇಳಿ ಇಡೀ ಹಾಲನ್ನು ನಗಿಸಿದ್ದವನು ತಲೆ ಬಗ್ಗಿಸಿ ಕೂತಿದ್ದ.

ಭೇಟಿ ನಿಂತಿತು. ಆಪ್ತಸಲಹೆಗಾರರು ಮಗುವನ್ನು ಮಾತಾಡಿಸಿ ವರದಿ ಕೊಡಲಿ ಎಂದಾಯಿತು. ಎರಡು ತಿಂಗಳ ಮೇಲೆ ಮಗುವನ್ನು ಅದೇ ಕೋಣೆಗೆ ಕರೆತಂದರು. ತಾತ ಅಜ್ಜಿ ಆ ದಿನ ಬರುವ ಹಾಗಿರಲಿಲ್ಲ. ಮಗುವಿಗೆ ಎರಡು ಜಡೆ ಹಾಕಿತ್ತು. ಹಣೆಯ ಕೂದಲನ್ನು ನಾಲ್ಕು ಪಿನ್ನು ಚುಚ್ಚಿ ಹಿಂದಕ್ಕೆ ಕೂರಿಸಿತ್ತು. ಸಲಹೆಗಾರ ಮೃದು ಮನುಷ್ಯನೇ. ಕುದುರೆಯನ್ನು ಆಡಿಸುತ್ತ, ಶಾಲೆಯ ಸುದ್ದಿ ಕೇಳುತ್ತ, ಕೊನೆಗೆ ಕೇಳಿದ:

"ತಾತ ಅಜ್ಜೀನ ನೋಡ್ಬೇಕು ಅನ್ಸತ್ತಾ ಪುಟ್ಟಿ? ಇಲ್ಲಿಗೆ ಬರ್ಬೇಕಾ?"

ಮಗು ಬಾತುಕೋಳಿಗಳನ್ನು ನೋಡಿತು. "ಬೇಡ."

"ಯಾರಾದ್ರೂ ಹಾಗೆ ಹೇಳು ಅಂದ್ರಾ?"

"ಇಲ್ಲ. ನನಗೇ ಬೇಡ."

ಅವನು ಬರೆದುಕೊಂಡು ಅಪ್ಪನನ್ನು ಕರೆಯಲು ಹೊರಗೆ ಹೋದ. ಆ ಒಂದು ನಿಮಿಷದಲ್ಲಿ ಮಗು ಬೀಗದಮ್ಮನ ಸ್ಟೂಲಿನ ಹತ್ತಿರ ಬಂದು ಅವಳ ಸೆರಗಿನ ಅಂಚು ಹಿಡಿದು, ಗುಟ್ಟು ಹೇಳುವ ದನಿಯಲ್ಲಿ ಕೇಳಿತು: "ನಾನು ಕಟ್ ಮಾಡು ಅಂತ ಕೇಳಿದ್ದಕ್ಕೇ ಅಲ್ವಾ ತಾತನ್ನ ಎಲ್ರೂ ಬೈದಿದ್ದು? ನಾನಿನ್ಮೇಲೆ ಏನೂ ಕೇಳಲ್ಲ."

ಬೀಗದಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಬಾಗಿಲಲ್ಲಿದ್ದ.

ಅವಳು ಸಲಹೆಗಾರನ ಹಿಂದೆ ಕಾರಿಡಾರಿನ ತುದಿಯ ತನಕ ಓಡಿದಳು. "ಸಾರ್, ಮಗು ಬೇಡ ಅಂದಿದ್ದು ಬೇಡ ಅಂತಲ್ಲ ಸಾರ್, ಅದು ಹೀಗೆ ಹೇಳ್ತು..." ಎಂದು ಏದುಸಿರು ಬಿಡುತ್ತ ಹೇಳಿದಳು. ಅವನು ನಿಂತು ಕೇಳಿದ, ಕನಿಕರದಿಂದಲೇ ಕೇಳಿದ.

"ಅಮ್ಮಾ, ನೀವು ಈ ಕೇಸಲ್ಲಿ ಸಾಕ್ಷಿ. ಕತ್ತರಿ ಕೊಟ್ಟವರೂ ನೀವೇ. ನಿಮ್ಮ ಮಾತನ್ನ ನಾನು ವರದೀಲಿ ಬರೆದ್ರೆ ಯಾರು ನಂಬ್ತಾರೆ? ನೀವು ಬೀಗ ಹಾಕೋ ಕೆಲಸ ನೋಡ್ಕೊಳ್ಳಿ."

ಆ ದಿನ ರಿಜಿಸ್ಟರು ಅವಳ ಕೈಯಲ್ಲಿರಲಿಲ್ಲ. ಅದು ಕೇಸಿನ ಕಡತ ಸೇರಿಹೋಗಿತ್ತು. ಕಂಡದ್ದನ್ನೆಲ್ಲ ಬರೆದವಳಿಗೆ ಕೇಳಿದ್ದೊಂದನ್ನು ಬರೆಯಲು ಜಾಗವಿರಲಿಲ್ಲ.

ತೀರ್ಪು ಬಂತು. ಅರ್ಜಿ ವಜಾ. ಮಗುವಿಗೆ ಸದ್ಯಕ್ಕೆ ಇಷ್ಟವಿಲ್ಲ, ಒತ್ತಾಯ ಮಾಡಿದರೆ ಅದರ ಮನಸ್ಸಿಗೆ ಒಳ್ಳೆಯದಲ್ಲ, ಪ್ರಾಯಕ್ಕೆ ಬಂದ ಮೇಲೆ ತಾನಾಗಿ ಬಯಸಿದರೆ ನೋಡಬಹುದು. ಜಡ್ಜಮ್ಮ ಅದನ್ನು ಓದುವಾಗ ಕಾಗದದಿಂದ ಕಣ್ಣೆತ್ತಲಿಲ್ಲವಂತೆ, ಗುಮಾಸ್ತ ಬಂದು ಹೇಳಿದ. ಈ ಸಲ ಅವನು ನಗಲಿಲ್ಲ.

ಮೆಟ್ಟಿಲಿಳಿಯುವಾಗ ವಕೀಲಮ್ಮ, "ಮೇಲಿನ ಕೋರ್ಟಿಗೆ ಹೋಗೋಣ ತಾತ" ಎಂದಳು. ಉತ್ತರ ಕೊಟ್ಟವಳು ಅಜ್ಜಿ. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿಯುತ್ತಿದ್ದವಳು ಕಂಬಿ ಹಿಡಿದು ನಿಂತಳು.

"ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಸತ್ತವರು ಇನ್ನೆಷ್ಟು ಮೆಟ್ಟಿಲು ಹತ್ತೋದು ತಾಯಿ? ಮಗು ನಮ್ಮನ್ನ ಮರ್ತಿದೆ. ಒಳ್ಳೇದೇ ಆಯ್ತು. ನಗ್ತಾ ಇರ್ಲಿ ಎಲ್ಲಾದ್ರೂ."

ಬೀಗದಮ್ಮ ಕೆಳಗೆ ನಿಂತು ಕೇಳಿಸಿಕೊಂಡಳು. ಮಗುವಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿಯ ಮುಖ ನೋಡಿ ಅದನ್ನು ಹಾಗೇ ನುಂಗಿದಳು. 

ಅದೇ ವರ್ಷ ಅಳಿಯನಿಗೆ ದೂರದ ಊರಿಗೆ ವರ್ಗವಾಯಿತು. ತಾತನ ಸುದ್ದಿ ಗುಮಾಸ್ತನ ಬಾಯಲ್ಲಿ ಆಗೀಗ ಬರುತ್ತಿತ್ತು. ಅವನು ಕಟಿಂಗಿಗೆ ಅಲ್ಲಿಗೇ ಹೋಗತೊಡಗಿದ್ದ. ತಾತ ಮಕ್ಕಳ ತಲೆ ಮುಟ್ಟುವುದಿಲ್ಲವಂತೆ, ಎದುರಿನ ಅಂಗಡಿಗೆ ಕಳಿಸುತ್ತಾನಂತೆ. ಆಮೇಲೆ, ಮಾತಿಲ್ಲವಂತೆ. ಆಮೇಲೆ, ಕೈ ನಡುಗುತ್ತದಂತೆ, ಕತ್ತಿ ಹಿಡಿಯುವುದಿಲ್ಲವಂತೆ. ಕೊನೆಗೆ ಒಂದು ದಿನ ಗುಮಾಸ್ತನೇ ಬೇರೆ ಅಂಗಡಿಯಿಂದ ಕೂದಲು ಕತ್ತರಿಸಿಕೊಂಡು ಬಂದ. ತಾತನ ಅಂಗಡಿ ಬಾಗಿಲು ಹಾಕಿದೆ ಎಂದು ಬೀಗದಮ್ಮನಿಗೆ ಕೇಳದೆಯೇ ತಿಳಿಯಿತು.

ಒಂದು ಶನಿವಾರ ಒಂಬತ್ತೂವರೆಗೆ ಅವಳು ಬೀಗ ತೆಗೆಯಲು ಬಂದಾಗ ಬೆಂಚಿನ ಮೇಲೆ ತಾತ ಒಬ್ಬನೇ ಕೂತಿದ್ದ. ಅಂಗಿಗೆ ಇಸ್ತ್ರಿ ಇರಲಿಲ್ಲ. ಅಷ್ಟು ವರ್ಷ ಬೇರೆಯವರ ಗಡ್ಡ ತೆಗೆದವನ ಕೆನ್ನೆಯ ಮೇಲೆ ವಾರದ ಗಡ್ಡ ಬೂದಿಯ ಹಾಗೆ ಕೂತಿತ್ತು.

"ಅಜ್ಜಿ ಎಲ್ಲಿ ಯಜಮಾನ್ರೇ?"

"ಮನೇಲಿದಾಳೆ. ಹಾಸಿಗೆ ಬಿಟ್ಟು ಏಳಲ್ಲ. ಮಂಡಿ ಅಂತಾಳೆ. ಮಂಡಿ ಅಲ್ಲ." ಅವಳಿಗೆ ಜಾಗ ಬಿಟ್ಟು ಬೆಂಚಿನ ತುದಿಗೆ ಸರಿದ. "ತಾಯಿ, ಒಂದು ಕೇಳೋಕೆ ಬಂದೆ. ಅವತ್ತು ಮಗು ಬೇಡ ಅಂದಾಗ ನೀವು ಅಲ್ಲೇ ಇದ್ರಿ. ಹೇಗೆ ಹೇಳ್ತು? ಕೋಪದಲ್ಲಿ ಹೇಳ್ತಾ? ಮುಖ ಹೇಗಿತ್ತು? ನೀವು ಕಂಡದ್ದನ್ನ ಕಂಡ ಹಾಗೇ ಹೇಳೋರು."

ಆ ಕೊನೆಯ ಮಾತು ಅವಳನ್ನು ಇರಿಯಿತು. ಅವನು ಇರಿಯಲೆಂದು ಆಡಿದ್ದಲ್ಲ, ಅದೇ ಹೆಚ್ಚು ನೋವಾಯಿತು. ಅವಳು ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಎರಡು ಜಡೆ, ನಾಲ್ಕು ಪಿನ್ನು, ಬಾತುಕೋಳಿಯ ಕಡೆ ನೋಡಿದ್ದು, ಸೆರಗಿನ ಅಂಚು ಹಿಡಿದದ್ದು. ಕೊನೆಗೆ ಆ ಮಾತು, ಒಂದಕ್ಷರ ಬಿಡದೆ.

ತಾತ ಅಳಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ಅವುಗಳನ್ನೇ ನೋಡುತ್ತ ಕೂತ.

"ನಿಜವಾಗ್ಲೂ ನಮ್ಮನ್ನ ಬೇಡ ಅಂದಿದ್ರೆ ಚೆನ್ನಾಗಿತ್ತು," ಎಂದ. "ಬೇಡ ಅಂದವರು ಮರೀತಾರೆ. ಇವಳು ಇದನ್ನ ಹೊತ್ಕೊಂಡು ತಿರುಗ್ತಾಳೆ ತಾಯಿ. ಬಾಯಿ ಬಿಟ್ಟು ಏನಾದ್ರೂ ಕೇಳಿದ್ರೆ ಯಾರಿಗೋ ಕೆಟ್ಟದಾಗತ್ತೆ ಅಂದ್ಕೊಂಡೇ ಬೆಳೀತಾಳೆ. ಹಸಿವಾದ್ರೂ ಕೇಳಲ್ಲ. ನೋವಾದ್ರೂ ಕೇಳಲ್ಲ." ಅವನು ತಟ್ಟನೆ ತಿರುಗಿದ. "ಆ ರಿಜಿಸ್ಟರಲ್ಲಿ ಇನ್ನೊಂದು ಸಾಲು ಬರೀರಿ. ಮಗು ಕೇಳಲಿಲ್ಲ, ಮುದುಕನೇ ಹಟ ಮಾಡಿ ಕತ್ತರಿಸಿದ ಅಂತ. ನಾನು ಹೆಬ್ಬೆಟ್ಟು ಒತ್ತುತೀನಿ, ಸಹಿ ಹಾಕ್ತೀನಿ, ಏನು ಬೇಕಾದ್ರೂ ಮಾಡ್ತೀನಿ."

"ಅದು ಮೇಲಿನ ಕಡತದಲ್ಲಿದೆ ಯಜಮಾನ್ರೇ. ಸೀಲು ಹಾಕಿ ಕಟ್ಟಿಟ್ಟಿದಾರೆ. ಇನ್ನು ಯಾರೂ ಅದನ್ನ ಬಿಚ್ಚಲ್ಲ."

"ಹಾಗಾದ್ರೆ ಬಾಯಲ್ಲಿ ಹೇಳಿ. ದೊಡ್ಡವಳಾದ ಮೇಲೆ ಬಂದೇ ಬರ್ತಾಳೆ, ಏನಾಯ್ತು ಅಂತ ಕೇಳ್ಕೊಂಡು. ಕೇಸಿನ ಕಾಗದದಲ್ಲಿ ಈ ಕೋರ್ಟಿನ ಹೆಸರಿರತ್ತಲ್ಲ. ನಾನಿರಲ್ಲ, ಅವಳಜ್ಜಿಯಂತೂ ಇರಲ್ಲ. ನೀವು ಹೇಳಿ. ನೀನು ಕೇಳಲೇ ಇಲ್ಲ ಪುಟ್ಟಿ, ಚಿಕ್ಕವಳಿದ್ದೆ, ನಿನಗೆ ತಪ್ಪು ನೆನಪು, ತಾತಂದೇ ತಪ್ಪು ಅಂತ."

"ನಾನು ಸುಳ್ಳು ಹೇಳಿದವಳಲ್ಲ ಯಜಮಾನ್ರೇ."

"ಗೊತ್ತು. ಅದಕ್ಕೇ ನಂಬ್ತಾಳೆ."

ಕಾರಿಡಾರಿನ ಆ ತುದಿಯಲ್ಲಿ ಯಾರೋ ಒಬ್ಬಳು ತಾಯಿ, ತನ್ನ ಗಂಟೆಗಾಗಿ, ಬೇಗನೆ ಬಂದು ನಿಂತಿದ್ದಳು. ಬೀಗದಮ್ಮ ಗೊಂಚಲು ಹಿಡಿದು ಎದ್ದಳು. ಮಗುವಿಗೆ ಈಗ ಏಳು. ತನಗೆ ಅರವತ್ತನಾಲ್ಕು. ಬೆರಳು ಮಡಿಸಿ ಎಣಿಸಿದಳು, ಎಣಿಕೆ ಮುಗಿಯುವ ಮೊದಲೇ ಕೈಬಿಟ್ಟಳು.

"ಅವಳು ಕೇಳ್ಕೊಂಡು ಬರೋಷ್ಟು ದೊಡ್ಡವಳಾಗೋಕೆ ಹತ್ತು ಹನ್ನೊಂದು ವರ್ಷ ಬೇಕು. ನನ್ನದೂ ಬಿದ್ದುಹೋಗೋ ಗೋಡೆ. ಅಲ್ಲೀವರೆಗೆ ನಾನಿರ್ತೀನೋ ಇಲ್ವೋ, ಯಾರಿಗೆ ಗೊತ್ತು?"

ತಾತ ಬೆಂಚು ಹಿಡಿದು ಎದ್ದು ನಿಂತ. ಎರಡು ಕೈಯನ್ನೂ ಜೋಡಿಸಲು ನೋಡಿದ, ನಡುಕಕ್ಕೆ ಒಂದಕ್ಕೊಂದು ಕೂಡಿಬರಲಿಲ್ಲ.

"ಬದುಕಿರಿ ತಾಯಿ," ಎಂದ. "ಹೇಗಾದ್ರೂ ಮಾಡಿ ಅಲ್ಲೀವರೆಗೆ ಬದುಕಿರಿ."